ದೊಡ್ಡಪ್ಪ ಮಡಿಸಿದ ಪ್ಯಾರಾಚೂಟ್

ನಮ್ಮ ದೊಡ್ಡಪ್ಪನನ್ನು ಊರೆಲ್ಲ ಕ್ಯಾಪ್ಟನ್ ಎಂದು ಕರೆಯುತ್ತಿತ್ತು. ಸೈನ್ಯದಲ್ಲಿ ಅವರು ಕ್ಯಾಪ್ಟನ್ ಆಗಿರಲಿಲ್ಲ, ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಮೊದಮೊದಲು ತಿದ್ದುತ್ತಿದ್ದರಂತೆ. ಆಮೇಲೆ ಊರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ ಎಂದು ಸುಮ್ಮನಾದರು. ಸೈನ್ಯದಲ್ಲಿ ಅವರ ಕೆಲಸ ಪ್ಯಾರಾಚೂಟ್ ಮಡಿಸುವುದು. ವಿಮಾನದಿಂದ ಧುಮುಕುವವರು ಬೇರೆ. ಅವರ ಬೆನ್ನಿನ ಚೀಲದೊಳಗೆ ಆ ಅಗಲವಾದ ಬಟ್ಟೆಯನ್ನು ಮಡಿಸಿ, ಅದರ ಹಗ್ಗಗಳು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಓರಣವಾಗಿ ಇಡುವವರು ಬೇರೆ. ದೊಡ್ಡಪ್ಪ ಎರಡನೆಯ ಗುಂಪಿನವರು. ಉದ್ದನೆಯ ಮೇಜಿನ ಪಕ್ಕದಲ್ಲಿ ನಿಂತೇ ಅವರ ಯೌವನ ಕಳೆಯಿತು.

ಸೈನ್ಯ ಬಿಟ್ಟು ಬಂದ ಮೇಲೆ ಲಾರಿ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟಾರ್ಪಾಲು ಅಂಗಡಿ ಹಾಕಿದರು. ಲಾರಿಗೆ ಹೊದಿಸುವ ಟಾರ್ಪಾಲು, ಅಂಗಡಿಗಳ ಮುಂದೆ ಕಟ್ಟುವ ಬಿಸಿಲುಮರೆ, ಜೀಪಿನ ಮೇಲ್ಹೊದಿಕೆ, ಹಗ್ಗ, ದಾರ, ಕೊಕ್ಕೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಮುಂದೆ ಗಲ್ಲಾ, ನಡುವೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಗೋಡೆಯುದ್ದಕ್ಕೂ ಹೊಲಿಗೆ ಯಂತ್ರಗಳು. ದಾರಕ್ಕೆ ಸವರುವ ಮೇಣದ ವಾಸನೆ ನಮ್ಮ ಬಟ್ಟೆಗೆ ಅಂಟಿಕೊಂಡು ಮನೆಯವರೆಗೂ ಬರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ, ಲಾರಿ ಓಡಿಸುತ್ತಿದ್ದ ನಮ್ಮಪ್ಪ ನನ್ನನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದರು. ಓದು ಮುಗಿಸಿ ನಾನು ಮನೆಯಲ್ಲೇ ಕುಳಿತಿದ್ದಾಗ, ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಅಂತ ದೊಡ್ಡಪ್ಪ ಅಂಗಡಿಗೆ ಕರೆದುಕೊಂಡು ಹೋದರು. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಬೈಗುಳದಲ್ಲಿ ನನಗೆ ಪಾಲುದಾರರೂ ಇರಲಿಲ್ಲ.

ಹಿರಿಯ ಟೈಲರ್ ಒಬ್ಬನಿದ್ದ. ಸಣಕಲು ಮೈ, ಚುಚ್ಚುವ ಮಾತು. ದಬ್ಬಣ ಎಂದೇ ಎಲ್ಲರೂ ಕರೆಯುತ್ತಿದ್ದರು. ಹೊಲಿಗೆ ಕಲಿಸಿದವನು ಅವನು, ಗಂಟು ಕಲಿಸಿದವರು ದೊಡ್ಡಪ್ಪ. “ಬಿಚ್ಚಿಕೊಳ್ಳಬಾರದ ಗಂಟು ಯಾರು ಬೇಕಾದ್ರೂ ಹಾಕ್ತಾರೆ. ಬಿಚ್ಚಿಕೊಳ್ಳಬೇಕಾದ ಹೊತ್ತಿಗೆ ಬಿಚ್ಚಿಕೊಳ್ಳೋ ಗಂಟು ಹಾಕೋದು ಕಷ್ಟ” ಎನ್ನುತ್ತಿದ್ದರು. ಆಗ ಅದನ್ನು ಹೊಲಿಗೆಯ ಪಾಠ ಅಂದುಕೊಂಡಿದ್ದೆ.

ಒಂದು ಸಲ ಔಷಧಿ ಅಂಗಡಿಯೊಂದಕ್ಕೆ ನಾವು ಕಟ್ಟಿಕೊಟ್ಟಿದ್ದ ಬಿಸಿಲುಮರೆ ಗಾಳಿಗೆ ಹೊಲಿಗೆ ಕಿತ್ತು, ಅದರ ಕಬ್ಬಿಣದ ಸಲಾಕೆ ಒಬ್ಬ ದಾರಿಹೋಕನ ಭುಜ ಸವರಿಕೊಂಡು ಬಿತ್ತು. ತರಚು ಗಾಯ ಅಷ್ಟೆ. ಆದರೆ ಸುದ್ದಿ ಕೇಳಿದ ದೊಡ್ಡಪ್ಪನ ಮುಖದಲ್ಲಿ ರಕ್ತ ಇಂಗಿಹೋಯಿತು. ಯಾರನ್ನೂ ಬೈಯಲಿಲ್ಲ. ಅಲ್ಲಿಗೆ ಹೋಗಿ, ಬಿದ್ದ ಬಟ್ಟೆಯನ್ನು ತಂದು, ಮೇಜಿನ ಮೇಲೆ ಹರಡಿಕೊಂಡು ಹೊಲಿಗೆಯ ಒಂದೊಂದೇ ಎಳೆ ಬಿಡಿಸುತ್ತ ಕುಳಿತರು. ಊಟಕ್ಕೆ ಏಳಲಿಲ್ಲ. ಆ ದಿನ ಮನೆಯಲ್ಲಿ ದೊಡ್ಡಮ್ಮ ನನಗೆ ವಿಷಯ ಹೇಳಿದರು.

ಸೈನ್ಯದಲ್ಲಿದ್ದಾಗ ದೊಡ್ಡಪ್ಪ ಮಡಿಸಿದ ಪ್ಯಾರಾಚೂಟ್ ಒಂದು ತೆರೆದುಕೊಂಡಿರಲಿಲ್ಲ. ಅದು ಯುದ್ಧವೂ ಅಲ್ಲ, ಅಭ್ಯಾಸ. ಹಗ್ಗಗಳು ಸುತ್ತಿಕೊಂಡು ಬಟ್ಟೆ ಅರಳದೆ, ಹುಡುಗನೊಬ್ಬ ನೇರ ನೆಲಕ್ಕೆ ಬಿದ್ದ. ವಿಚಾರಣೆ ನಡೆಯಿತು. ಧುಮುಕುವಾಗ ಅವನ ಮೈ ತಿರುಚಿಕೊಂಡಿದ್ದರೂ ಹಾಗಾಗಬಹುದು, ಮಡಿಸುವಾಗ ತಪ್ಪಿದ್ದರೂ ಹಾಗಾಗಬಹುದು, ಯಾವುದೆಂದು ಹೇಳಲು ಬರುವುದಿಲ್ಲ ಎಂದರಂತೆ. ಮರುದಿನವೇ ಅಧಿಕಾರಿ ದೊಡ್ಡಪ್ಪನನ್ನು ಕರೆದು, ನೀನೇ ಮಡಿಸಿದ್ದನ್ನು ಬೆನ್ನಿಗೆ ಕಟ್ಟಿಕೊಂಡು ನೀನೇ ಧುಮುಕು ಎಂದರು. ದೊಡ್ಡಪ್ಪ ಧುಮುಕಿದರು. ಅದು ತೆರೆದುಕೊಂಡಿತು.

“ಅವತ್ತು ಅದೂ ತೆರೆದುಕೊಳ್ಳದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ನಮ್ಮ ಮದುವೆ ಆದ ಹೊಸದರಲ್ಲಿ ಒಂದ್ಸಲ ನನ್ನ ಹತ್ರ ಹೇಳಿದ್ರು. ಹೊಸ ಹೆಂಡತಿ ಹತ್ರ ಆಡೋ ಮಾತಾ ಅದು?” ಎಂದರು ದೊಡ್ಡಮ್ಮ.

ಅಂಗಡಿ ನಾಲ್ಕು ಕಾಸು ಕಂಡ ಮೇಲೆ ದೊಡ್ಡಪ್ಪ ವಿಮಾನ ಓಡಿಸಲು ಕಲಿತರು. ತಲೆ ನರೆತ ಮೇಲೆ ಇದೆಂಥ ಹುಚ್ಚು ಎಂದು ನೆಂಟರು ನಕ್ಕರು. ಊರ ಹೊರಗೆ, ಕಲ್ಲು ಗಣಿ ದಾಟಿದರೆ, ಹುಲ್ಲು ಬೆಳೆದ ಹಳೆಯ ವಿಮಾನದ ಮೈದಾನವಿತ್ತು. ಅಲ್ಲೊಂದು ಕ್ಲಬ್ಬು, ತಗಡಿನ ಶೆಡ್ಡು, ನೌಕರಿಯಿಂದ ನಿವೃತ್ತರಾಗಿ ಹಾರಾಟ ಕಲಿಸುತ್ತಿದ್ದ ಒಬ್ಬ ಮೇಷ್ಟ್ರು. ಮೇಷ್ಟ್ರು ದಪ್ಪಗಿದ್ದರು. ತಾವು ಹತ್ತಿದರೆ ವಿಮಾನ ಏದುಸಿರು ಬಿಡುತ್ತದೆ ಎಂದು ತಾವೇ ನಗೆಯಾಡುತ್ತಿದ್ದರು. ಇನ್ನಿಬ್ಬರ ಜೊತೆ ಸೇರಿ ದೊಡ್ಡಪ್ಪ ಎರಡು ಸೀಟಿನ ಹಳೆಯ ವಿಮಾನವೊಂದರಲ್ಲಿ ಪಾಲು ಕೊಂಡರು. ಅದರಲ್ಲಿ ಎರಡು ಸೀಟು ಅಕ್ಕಪಕ್ಕ, ಎರಡೂ ಸೀಟಿನ ಮುಂದೆ ಒಂದೊಂದು ಹಿಡಿಕೆ. ಯಾವುದನ್ನು ಹಿಡಿದರೂ ವಿಮಾನ ಕೇಳುತ್ತದೆ. ದೊಡ್ಡಮ್ಮ ಒಂದು ಸಲವೂ ಹತ್ತಲಿಲ್ಲ. ಯಾಕೆ ಹಾರುತ್ತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ ದೊಡ್ಡಪ್ಪ, ಇಷ್ಟು ಜನರನ್ನು ಮೇಲಕ್ಕೆ ಕಳಿಸಿದ್ದೇನೆ, ಅಲ್ಲಿ ಏನಿದೆ ಅಂತ ನೋಡಬೇಡವೇ ಎಂದರು. ಆ ಮಾತಿಗೆ ನನಗೆ ನಗು ಬರಲಿಲ್ಲ.

ಅವನು ಮೊದಲ ಸಲ ಬಂದದ್ದು ಒಂದು ಮಂಗಳವಾರ. ದೊಡ್ಡಪ್ಪನಿಗಿಂತ ಚಿಕ್ಕವನು, ಆದರೂ ಕಿವಿಯ ಮೇಲೆ ಬಿಳಿ ಕೂದಲು ಬಂದಿದ್ದವು. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ. ಒಂದು ಮೊಳ ಹಗ್ಗ ಬೇಕು ಎಂದ. ಯಾವುದಕ್ಕೆ ಎಂದರೆ, ಬೇಕು ಎಂದಷ್ಟೇ ಹೇಳಿದ. ನಾನು ಕತ್ತರಿಸಲು ಹೋದಾಗ ಕೈ ಅಡ್ಡ ಹಿಡಿದು, ಗಲ್ಲಾದಲ್ಲಿದ್ದ ದೊಡ್ಡಪ್ಪನನ್ನು ತೋರಿಸಿದ. ಅವರೇ ಕತ್ತರಿಸಲಿ, ತುದಿಗೆ ಗಂಟನ್ನೂ ಅವರೇ ಹಾಕಿಕೊಡಲಿ. ದೊಡ್ಡಪ್ಪ ಎದ್ದು ಬಂದು ಅವನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಗ್ಗ ಕತ್ತರಿಸಿ, ಎರಡೂ ತುದಿಗೆ ಗಂಟು ಹಾಕಿ ಕೊಟ್ಟರು.

ಮುಂದಿನ ಮಂಗಳವಾರ ಮತ್ತೆ ಬಂದ. ಮತ್ತೆ ಒಂದೇ ಮೊಳ. ಅದರ ಮುಂದಿನ ವಾರವೂ ಅಷ್ಟೆ. ಕೆಲವು ಸಲ ಹಗ್ಗದ ಬದಲು ದಾರ, ಕೆಲವು ಸಲ ಹೊಲಿದ ಪಟ್ಟಿ, ಆದರೆ ಯಾವಾಗಲೂ ದೊಡ್ಡಪ್ಪನ ಕೈಯಿಂದಲೇ ಆಗಬೇಕು. ದಬ್ಬಣ ಅವನಿಗೆ ಮೊಳದವನು ಎಂದು ಹೆಸರಿಟ್ಟ.

“ಒಂದು ಮೊಳದಲ್ಲಿ ನೇಣು ಹಾಕ್ಕೊಳಕ್ಕೂ ಆಗಲ್ಲ. ಏನ್ ಮಾಡ್ತಾನೆ ಇವನು?” ಎಂದು ದಬ್ಬಣ ಒಂದು ದಿನ ಅವನು ಹೋದ ಮೇಲೆ ಹೇಳಿದ. ಎಲ್ಲರೂ ನಕ್ಕೆವು. ದೊಡ್ಡಪ್ಪ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಆಮೇಲೆ ಅಂಗಡಿಯಲ್ಲಿ ಯಾರೂ ಆ ಬಗ್ಗೆ ನಗಲಿಲ್ಲ.

ಅವನು ಜಗಳ ಆಡಿದವನಲ್ಲ, ದನಿ ಏರಿಸಿದವನಲ್ಲ. ಹಗ್ಗ ತೆಗೆದುಕೊಂಡ ಮೇಲೂ ಮೇಜಿನ ಆ ಕಡೆ ನಿಂತು ದೊಡ್ಡಪ್ಪನ ಕೈಗಳನ್ನು ನೋಡುತ್ತಿದ್ದ. ಮುಖವನ್ನಲ್ಲ, ಕೈಗಳನ್ನು. ಆಗಾಗ ಒಂದು ಪ್ರಶ್ನೆ ಕೇಳುತ್ತಿದ್ದ. ಇದು ಒದ್ದೆಯಾದರೆ ಬಿಗಿಯಾಗುತ್ತದಾ, ಸಡಿಲವಾಗುತ್ತದಾ? ಮಾತಾಡಿಕೊಂಡು ಕೆಲಸ ಮಾಡಿದರೆ ಗಂಟು ತಪ್ಪುತ್ತದಾ? ಹೊಟ್ಟೆ ಹಸಿದಿದ್ದಾಗ ಕೈ ನಡುಗುತ್ತದಾ? ದೊಡ್ಡಪ್ಪ ಪ್ರತಿಯೊಂದಕ್ಕೂ ಪರೀಕ್ಷೆಗೆ ಕುಳಿತವರಂತೆ ಉತ್ತರ ಕೊಡುತ್ತಿದ್ದರು. ಮೊಳದವನು ಬಂದಾಗ ಹಿಂದಿನ ಯಂತ್ರಗಳು ತಾವಾಗಿಯೇ ನಿಧಾನವಾಗುತ್ತಿದ್ದವು.

ದೊಡ್ಡಮ್ಮ ಮಧ್ಯಾಹ್ನದ ಊಟ ತರುತ್ತಿದ್ದರು. ಒಂದು ದಿನ ಅವನಿರುವಾಗಲೇ ಬಂದರು. ಬಿಸಿಲಲ್ಲಿ ಬಂದವರಿಗೆ ಕೊಡುವಂತೆ ಅವನಿಗೂ ಒಂದು ಲೋಟ ನೀರು ಚಾಚಿದರು. ಬೇಡ ಎಂದ. ಟೀ ತರಿಸಲೇ ಎಂದರು. ಅದೂ ಬೇಡ. ಕುರ್ಚಿ ತೋರಿಸಿದರು, ಕೂರಲಿಲ್ಲ. ಅವನು ಹೋದ ಮೇಲೆ ದೊಡ್ಡಮ್ಮ ಆ ನೀರನ್ನು ಬಾಗಿಲಾಚೆ ಚೆಲ್ಲಿ, ಲೋಟ ತೊಳೆದು ಇಟ್ಟರು.

“ಒಬ್ಬ ಮನುಷ್ಯ ನಮ್ಮ ಹನಿ ನೀರೂ ಮುಟ್ಟಲ್ಲ ಅಂದ್ರೆ ಅವನು ಸುಮ್ಮನೆ ಬಂದಿಲ್ಲ. ತಿಂದುಂಡ ಮನೆಗೆ ಕೇಡು ಬಗೀಬಾರದು ಅಂತ ಮುಟ್ಟಿಲ್ಲ, ಅಷ್ಟೆ” ಎಂದು ನನಗೆ ಹೇಳಿದರು.

ಅವತ್ತು ಸಂಜೆ ಬಾಗಿಲು ಹಾಕುವ ಮುಂಚೆ ಅವರು ದೊಡ್ಡಪ್ಪನನ್ನು ನೇರವಾಗಿ ಕೇಳಿದರು. ನಾನು ಮೇಜಿನ ಮೇಲಿನ ಚೂರು ಬಟ್ಟೆ ಬಾಚುತ್ತಿದ್ದೆ.

“ಯಾರ್ರೀ ಅವನು?”

ದೊಡ್ಡಪ್ಪ ಕತ್ತರಿಗೆ ಎಣ್ಣೆ ಸವರುತ್ತಿದ್ದರು. ತಲೆ ಎತ್ತಲಿಲ್ಲ.

“ಆ ಹುಡುಗನ ತಮ್ಮ.”

ಯಾವ ಹುಡುಗ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವನೇ ಹೇಳಿದನೇ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಇಲ್ಲ, ಮೊದಲ ದಿನ ಮುಖ ನೋಡಿದಾಗಲೇ ಗೊತ್ತಾಯಿತು ಎಂದರು. ಅದೇ ಹಣೆ, ಅದೇ ಹುಬ್ಬು. ಸತ್ತ ಹುಡುಗ ವಿಮಾನ ಹತ್ತುವ ಮುಂಚೆ ಚೀಲ ಪಡೆಯಲು ಎದುರಿಗೇ ನಿಂತಿದ್ದನಂತೆ. ದೊಡ್ಡಮ್ಮ ಗೋಡೆಗೆ ಒರಗಿ ನಿಂತರು. ಪೊಲೀಸರಿಗೆ ಹೇಳೋಣ ಎಂದರು. ಏನೆಂದು ಹೇಳುವುದು? ವಾರಕ್ಕೊಂದು ಮೊಳ ಹಗ್ಗ ಕಾಸು ಕೊಟ್ಟು ಕೊಳ್ಳುತ್ತಾನೆ ಎಂದೇ? ಬರುವುದು ಬೇಡ ಎಂದಾದರೂ ಹೇಳಿ ಎಂದರು. ದೊಡ್ಡಪ್ಪ ಕತ್ತರಿಯನ್ನು ಒರೆಸಿ ಮೊಳೆಗೆ ನೇತುಹಾಕಿದರು.

“ಬರ್ಲಿ ಬಿಡು. ಅವನಿಗೆ ಕೇಳಬೇಕಾಗಿದ್ದು ಇನ್ನೂ ಕೇಳಿಲ್ಲ.”

ಅವನು ಅದನ್ನು ಕೇಳಿದ್ದು ಮಳೆ ಮುಗಿದು ಆಕಾಶ ತಿಳಿಯಾದ ಮೇಲೆ. ಎಂದಿನಂತೆ ಹಗ್ಗ ತೆಗೆದುಕೊಂಡ, ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ, ನೀವು ವಿಮಾನ ಓಡಿಸುತ್ತೀರಂತೆ, ಒಂದು ಸಲ ನನ್ನನ್ನು ಮೇಲೆ ಕರೆದುಕೊಂಡು ಹೋಗುತ್ತೀರಾ ಎಂದ. ಲಾರಿಯಲ್ಲಿ ಪಕ್ಕದೂರಿಗೆ ಬರಲೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ. ಹಿಂದೆ ದಬ್ಬಣನ ಯಂತ್ರ ನಿಂತುಹೋಯಿತು. ದೊಡ್ಡಪ್ಪ, ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ ಎಂದರು.

ಆ ವಾರ ನಮ್ಮ ಮನೆಯಲ್ಲಿ ಹೇಗಿತ್ತೆಂದರೆ, ಪಾತ್ರೆ ಇಟ್ಟ ಸದ್ದಿಗೂ ಬೆಚ್ಚಿಬೀಳುವಂತಿತ್ತು. ದೊಡ್ಡಮ್ಮ ಅತ್ತರು, ಬೈದರು, ಮಾತು ಬಿಟ್ಟರು. ಅಪ್ಪನಿಗೆ ಫೋನ್ ಮಾಡಿಸಿದರು. ಎಲ್ಲೋ ದೂರದ ದಾರಿಯಲ್ಲಿದ್ದ ಅಪ್ಪ, ಅಣ್ಣ ಯಾರ ಮಾತು ಕೇಳಿದ್ದಾನೆ ಎಂದು ಫೋನ್ ಇಟ್ಟರು. ದೊಡ್ಡಪ್ಪ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕ್ಯಾನ್ವಾಸ್ ಯಾರ ಹತ್ತಿರ ತರಿಸಬೇಕು, ಯಾರ ಮಾಲು ಒದ್ದೆಯಾದರೆ ಕುಗ್ಗುತ್ತದೆ, ಯಾವ ಗಿರಾಕಿಯ ಮಾತು ನಂಬಬಹುದು, ಯಾರದನ್ನು ನಂಬಬಾರದು ಎಂದು ಒಂದೊಂದಾಗಿ ಹೇಳಿದರು. ಯಾಕೆ ಈಗ ಎಂದು ಕೇಳಿದೆ. ಗೊತ್ತಿದ್ದರೆ ಒಳ್ಳೆಯದಲ್ಲವೇ ಎಂದರು. ಶನಿವಾರ ಕ್ಷೌರ ಮಾಡಿಸಿಕೊಂಡು ಬಂದರು. ಕತ್ತಿನ ಹಿಂದೆ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಅದನ್ನು ನೋಡಿ ದೊಡ್ಡಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ದೊಡ್ಡಪ್ಪನ ಜೊತೆ ನಾನೂ ದೊಡ್ಡಮ್ಮನೂ ಮೈದಾನಕ್ಕೆ ಹೋದೆವು. ಬೇಡ ಎಂದರೂ ದೊಡ್ಡಮ್ಮ ನಿಲ್ಲಲಿಲ್ಲ. ಮೊಳದವನು ನಮಗಿಂತ ಮೊದಲೇ ಬಂದಿದ್ದ. ಅದೇ ಇಸ್ತ್ರಿ ಅಂಗಿ, ಗುಂಡಿ ಹಾಕಿದ ಕತ್ತು, ಕೈಯಲ್ಲಿ ಏನೂ ಇಲ್ಲ. ಮೇಷ್ಟ್ರಿಗೆ ವಿಷಯ ಗೊತ್ತಿರಲಿಲ್ಲ, ಆದರೆ ದೊಡ್ಡಮ್ಮನ ಮುಖ ನೋಡಿ ಏನೋ ಸರಿಯಿಲ್ಲ ಎಂದು ಅರ್ಥವಾಗಿರಬೇಕು. ಗಾಳಿ ಇದೆ ಕ್ಯಾಪ್ಟನ್, ಇನ್ನೊಂದು ದಿನ ನೋಡೋಣ ಎಂದರು. ಕಂಬದ ಮೇಲೆ ಗಾಳಿ ತೋರಿಸುವ ಬಟ್ಟೆಯ ಚೀಲ ಅಲ್ಲಾಡದೆ ಜೋತುಬಿದ್ದಿತ್ತು. ದೊಡ್ಡಪ್ಪ ಅದನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಪಕ್ಕಕ್ಕೆ ಸರಿದರು.

ವಿಮಾನ ಹುಲ್ಲಿನ ಮೇಲೆ ಓಡಿ ಎದ್ದಿತು. ಎಂದಿನಂತೆ ಗಣಿಯ ಹತ್ತಿರ ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ನೇರ ಹೋಯಿತು. ಮೇಲೇರುತ್ತ, ಸಣ್ಣದಾಗುತ್ತ, ಗುಡ್ಡದ ಆಚೆಯ ಬಿಳಿ ಬೆಳಕಿನಲ್ಲಿ ಒಂದು ಚುಕ್ಕೆಯಾಯಿತು. ಮೇಷ್ಟ್ರು ಹಣೆಗೆ ಕೈ ಮರೆ ಮಾಡಿ ನೋಡುತ್ತಿದ್ದರು. ಅಷ್ಟು ಎತ್ತರಕ್ಕೆ ಯಾಕೆ ಹೋಗುತ್ತಿದ್ದಾರೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಗ ಚುಕ್ಕೆಯ ಮೂತಿ ಬಗ್ಗಿತು. ಎಂಜಿನ್ನಿನ ಸದ್ದು ಸಣ್ಣಗೆ ಚೀರಿದಂತೆ ಬದಲಾಯಿತು. ಗುಡ್ಡದ ಹಿಂದೆ ಇಳಿದು ಕಾಣದಾಯಿತು. ಸದ್ದೂ ನಿಂತಿತು.

ಮೇಷ್ಟ್ರು ಶೆಡ್ಡಿಗೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರೇಡಿಯೋದಲ್ಲಿ ಕರೆಯುತ್ತಿದ್ದುದು ನಮಗೆ ಕೇಳಿಸುತ್ತಿತ್ತು, ಉತ್ತರ ಕೇಳಿಸುತ್ತಿರಲಿಲ್ಲ. ದೊಡ್ಡಮ್ಮ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಗುಡ್ಡದ ಕಡೆ ನೋಡಲಿಲ್ಲ. ಹುಲ್ಲಿನ ಎಸಳುಗಳನ್ನು ಕಿತ್ತು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಹೊಗೆ ಏಳುತ್ತದೆಯೇ ಎಂದು ನಾನು ಗುಡ್ಡವನ್ನೇ ನೋಡುತ್ತಿದ್ದೆ. ಹೊಗೆ ಏಳಲಿಲ್ಲ. ಏಳದೇ ಇದ್ದದ್ದೂ ಭಯವೇ ಆಗಿತ್ತು.

ವಿಮಾನ ಬಂದದ್ದು ನಮ್ಮ ಬೆನ್ನ ಹಿಂದಿನಿಂದ, ಊರಿನ ಕಡೆಯಿಂದ. ಸದ್ದು ಕೇಳಿ ತಿರುಗುವಷ್ಟರಲ್ಲಿ ಹುಲ್ಲು ಮುಟ್ಟಿತ್ತು. ಬಾಗಿಲು ತೆರೆದು ಮೊಳದವನು ಮೊದಲು ಇಳಿದ. ಎರಡು ಹೆಜ್ಜೆ ಇಟ್ಟು ಕುಕ್ಕರಗಾಲಲ್ಲಿ ಕುಳಿತು ವಾಂತಿ ಮಾಡಿಕೊಂಡ. ದೊಡ್ಡಮ್ಮ ನೀರಿನ ಬಾಟಲಿ ಹಿಡಿದುಕೊಂಡು ಹೋದರು. ಅವನು ಬಾಯಿ ಮುಕ್ಕಳಿಸಿ ಉಗಿದ, ಉಳಿದ ನೀರನ್ನು ತಲೆಯ ಮೇಲೆ ಸುರಿದುಕೊಂಡ, ಕುಡಿಯಲಿಲ್ಲ. ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಊರವರೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಮೇಷ್ಟ್ರು ಹೇಳಿದರೂ ಕೇಳದೆ, ಒದ್ದೆ ಅಂಗಿಯಲ್ಲಿ ರಸ್ತೆ ಹಿಡಿದು ನಡೆದುಹೋದ. ದೊಡ್ಡಪ್ಪ ವಿಮಾನದಲ್ಲೇ ಕುಳಿತಿದ್ದರು. ಬೆಲ್ಟು ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ನಾನು ಬಿಚ್ಚಿದೆ.

ಏನಾಯಿತೆಂದು ಅವರು ಹೇಳಿದ್ದು ಆ ಸಂಜೆ, ಊಟದ ಮೇಜಿನಲ್ಲಿ, ನಮ್ಮಿಬ್ಬರ ಮುಂದೆ.

ಅಣ್ಣ ಧುಮುಕಿದ್ದು ಎಷ್ಟು ಎತ್ತರದಿಂದ ಎಂದು ಅವನು ಕೇಳಿದನಂತೆ. ದೊಡ್ಡಪ್ಪ ವಿಮಾನವನ್ನು ಆ ಎತ್ತರಕ್ಕೆ ಒಯ್ದರು. ಇಲ್ಲಿಂದ ಎಂದರು. ಅವನು ಕೆಳಗೆ ನೋಡಿದ. ಗುಡ್ಡದ ಹಿಂದಿನ ಹೊಂಡದ ನೀರು ಒಡೆದ ಗಾಜಿನ ಚೂರಿನಷ್ಟು ಕಾಣುತ್ತಿತ್ತು. ಆಗ ಅವನು ಹಗ್ಗದ ವಿಷಯ ಹೇಳಿದ. ಕೊಂಡುಹೋದ ಒಂದೊಂದು ಮೊಳಕ್ಕೂ ಮನೆಯಲ್ಲಿ ಕಲ್ಲು ನೇತುಹಾಕಿ ನೋಡುತ್ತಿದ್ದನಂತೆ. ಒಂದಾದರೂ ಕಿತ್ತುಬರಲಿ, ಒಂದು ಗಂಟಾದರೂ ಜಾರಲಿ ಎಂದು ಕಾದನಂತೆ. ಒಂದೂ ಜಾರಲಿಲ್ಲ.

“ಅದುವರೆಗೂ ನೀವು ನೀವು ಅಂತಿದ್ದ” ಎಂದರು ದೊಡ್ಡಪ್ಪ. “ಆಮೇಲೆ ಏಕವಚನಕ್ಕೆ ಬಂದ. ಎಲ್ಲಾ ಸರಿಯಾಗೇ ಕಟ್ತೀಯಲ್ಲ, ನಮ್ಮಣ್ಣಂದು ಒಂದು ಹೇಗೋ ತಪ್ಪಿತು ಅಂದ. ತಪ್ಪಿದ್ದು ನೀನೋ ಅವನೋ, ಹೇಳು ಅಂದ.”

“ನೀವೇನಂದ್ರಿ?” ಎಂದರು ದೊಡ್ಡಮ್ಮ.

“ಗೊತ್ತಿಲ್ಲ ಅಂದೆ. ಅವತ್ತಿಂದ ದಿನಾ ಮನಸ್ಸಲ್ಲೇ ಅದನ್ನ ಮಡಿಸಿ ನೋಡ್ತಿದೀನಿ. ಒಂದೊಂದು ದಿನ ಸರಿಯಾಗಿ ಮಡಿಸಿರ್ತೀನಿ, ಒಂದೊಂದು ದಿನ ತಪ್ಪಿರ್ತೀನಿ. ನಿಜವಾಗ್ಲೂ ಗೊತ್ತಿಲ್ಲ ಅಂದೆ.”

ಅವನು ತನ್ನ ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒತ್ತಿದ. ಮೂತಿ ಕೆಳಗಾಯಿತು. ಹೊಂಡದ ನೀರು ಕಿಟಕಿಯ ತುಂಬ ಬೆಳೆಯತೊಡಗಿತು. ಗಾಳಿ ರೆಕ್ಕೆಗೆ ಸಿಕ್ಕಿ ಕೂಗತೊಡಗಿತು. ದೊಡ್ಡಪ್ಪನ ಮುಂದೆಯೂ ಒಂದು ಹಿಡಿಕೆ ಇತ್ತು. ಅವರ ಕೈಯಲ್ಲಿ ಅವನಿಗಿಂತ ಹೆಚ್ಚು ಬಲವೂ ಇತ್ತು.

“ನಾನು ಕೈ ತೆಗೆದೆ” ಎಂದರು. “ತೊಡೆ ಮೇಲೆ ಇಟ್ಕೊಂಡೆ.”

ದೊಡ್ಡಮ್ಮನ ಕೈ ತಟ್ಟೆಯಲ್ಲೇ ನಿಂತಿತು.

ಎಷ್ಟು ಹೊತ್ತೆಂದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಗಾಳಿಯ ಕೂಗು ಕಿವಿ ತುಂಬಿದಾಗ ಅವನು ಏನೋ ಅಂದ. ಅಣ್ಣನಿಗೂ ಈ ಸದ್ದು ಕೇಳಿಸಿತಾ ಎಂದ ಹಾಗಿತ್ತು. ಆಮೇಲೆ ಹೆದರಿ ಕೈ ಬಿಟ್ಟುಬಿಟ್ಟ. ಹದವಾಗಿ ಹೊಂದಿಸಿದ್ದ ವಿಮಾನ, ಒತ್ತುವ ಕೈ ಇಲ್ಲವಾದ್ದರಿಂದ, ತಾನಾಗಿಯೇ ಮೂತಿ ಎತ್ತಿತು. ಗುಡ್ಡದ ಮರಗಳ ತಲೆ ಸವರುವಂತೆ ಎದ್ದು ಹೋಯಿತು. ಅವನು ಮುಖ ಮುಚ್ಚಿಕೊಂಡು, ಇಳಿಸಿ, ದಯವಿಟ್ಟು ಇಳಿಸಿ ಎಂದ. ಮತ್ತೆ ಬಹುವಚನಕ್ಕೆ ಬಂದಿದ್ದ. ಆಗ ದೊಡ್ಡಪ್ಪ ಹಿಡಿಕೆ ಹಿಡಿದರು.

ಅಲ್ಲಿಗೆ ಕಥೆ ಮುಗಿಯಿತು ಎಂಬಂತೆ ಅವರು ನೀರು ಕುಡಿದರು. ಆದರೆ ದೊಡ್ಡಮ್ಮನಿಗೆ ಅದು ಮುಗಿದಿರಲಿಲ್ಲ. ಅವರ ದನಿ ಎಷ್ಟು ಮೆಲ್ಲಗಿತ್ತೆಂದರೆ ನಾನು ಮುಂದಕ್ಕೆ ಬಾಗಿ ಕೇಳಿದೆ.

“ಅವನಿಗೆ ನೀವು ಋಣ ತೀರಿಸಬೇಕಿತ್ತು, ಸರಿ. ನನ್ನ ಋಣ? ನಾನು ಕೆಳಗೆ ಹುಲ್ಲಿನ ಮೇಲೆ ಕೂತಿದ್ನಲ್ಲ, ಕೈ ತೆಗೆಯೋವಾಗ ನಾನು ನೆನಪಾದೆನಾ?”

ದೊಡ್ಡಪ್ಪ ಸುಳ್ಳು ಹೇಳಬಹುದಿತ್ತು. ಇಲ್ಲ ಎಂದರು.

ದೊಡ್ಡಮ್ಮ ಎದ್ದು ತಟ್ಟೆ ತೆಗೆದುಕೊಂಡು ಹೋದರು. ಆ ಮಾತು ಅವರಿಬ್ಬರ ನಡುವೆ ಸಂಸಾರದ ಇನ್ನೊಂದು ಸಾಮಾನಿನಂತೆ ಕೊನೆಯವರೆಗೂ ಉಳಿಯಿತು. ಅವರು ಗಂಡನಿಗೆ ಊಟ ಬಡಿಸಿದರು, ಬಟ್ಟೆ ಒಗೆದರು, ಜ್ವರ ಬಂದರೆ ಪಕ್ಕದಲ್ಲಿ ಕುಳಿತರು. ಆದರೆ ರೀ ಎಂದು ಕರೆಯುವುದನ್ನು ಬಿಟ್ಟರು. ಏನಾದರೂ ಹೇಳಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದರು.

ಮೇಷ್ಟ್ರಿಗೆ ದೊಡ್ಡಪ್ಪ ತಾವೇ ಹೋಗಿ ನಡೆದದ್ದೆಲ್ಲ ಹೇಳಿದರು. ಮೇಷ್ಟ್ರು ಅವತ್ತು ನಗೆಯಾಡಲಿಲ್ಲ. ಕೆಟ್ಟದಾಗಿ ಹಾರಿಸುವವನನ್ನು ತಿದ್ದಬಹುದು, ಕೈ ಬಿಡುವವನನ್ನು ನಾನು ಮತ್ತೆ ಕೂರಿಸಲಾರೆ ಕ್ಯಾಪ್ಟನ್, ನಾಳೆ ನಿಮ್ಮ ಪಕ್ಕದಲ್ಲಿ ಕೂರುವವರಿಗೆ ನಾನೇನು ಹೇಳಲಿ ಎಂದರಂತೆ. ದೊಡ್ಡಪ್ಪ ವಾದ ಮಾಡಲಿಲ್ಲ. ವಿಮಾನದ ಪಾಲನ್ನು ಜೊತೆಗಾರರಿಗೆ ಬಿಟ್ಟುಕೊಟ್ಟರು. ಆಮೇಲೆ ಅವರು ಮೈದಾನದ ಕಡೆ ಹೋಗಲಿಲ್ಲ.

ಮೊಳದವನು ಮತ್ತೆ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತೇನೋ. ಮಂಗಳವಾರ ಬಂದರೆ ದೊಡ್ಡಪ್ಪ ಗಲ್ಲಾ ಬಿಟ್ಟು ಮೇಜಿನ ಬಳಿ ನಿಂತಿರುತ್ತಿದ್ದರು. ಬಾಗಿಲಲ್ಲಿ ನೆರಳು ಬಿದ್ದರೆ ಕೈ ಒರೆಸಿಕೊಳ್ಳುತ್ತಿದ್ದರು. ಅವನು ಯಾವ ಊರಿನವನು, ಎಲ್ಲಿ ಇಳಿದುಕೊಂಡಿದ್ದ, ಯಾರಿಗೂ ಗೊತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಇನ್ನೊಂದು ಶುರುವಾಯಿತು. ಹೊಲಿದು ಮುಗಿಸಿದ ಟಾರ್ಪಾಲನ್ನು ದೊಡ್ಡಪ್ಪ ಬಿಚ್ಚತೊಡಗಿದರು. ಹೊಲಿಗೆ ಸರಿ ಇರುತ್ತಿತ್ತು. ಆದರೂ ಬಿಚ್ಚುತ್ತಿದ್ದರು. ಮತ್ತೆ ಹೊಲಿಸಿ, ಮತ್ತೆ ಬಿಚ್ಚುತ್ತಿದ್ದರು. ಲಾರಿಯವರು ಕಾದು ಕಾದು ಬೇರೆ ಅಂಗಡಿಗೆ ಹೋದರು. ದಬ್ಬಣ, “ಇಷ್ಟು ದಿನ ಹೊಟ್ಟೆಪಾಡಿಗೆ ಹೊಲಿದೆ. ಬಿಚ್ಚೋದು ನೋಡೋಕೆ ನನ್ ಕೈಲಿ ಆಗಲ್ಲ” ಎಂದು ಹೇಳಿ ಕೆಲಸ ಬಿಟ್ಟ. ಹೋಗುವಾಗ ಅವನ ಕಣ್ಣು ಕೆಂಪಗಿತ್ತು. ಚುಚ್ಚುವ ಮಾತು ಒಂದೂ ಆಡಲಿಲ್ಲ.

ಆಮೇಲೆ ಅಂಗಡಿಯನ್ನು ನಾನೇ ನೋಡಿಕೊಂಡೆ. ಮುಗಿದ ಮಾಲನ್ನು ದೊಡ್ಡಪ್ಪ ಬರುವ ಮುಂಚೆ ಲಾರಿಗೆ ಹತ್ತಿಸಿ ಕಳಿಸಿಬಿಡುತ್ತಿದ್ದೆ. ಅವರಿಗೆಂದು ಹಳೆಯ ಬಟ್ಟೆಯ ಒಂದು ರಾಶಿಯನ್ನು ಮೂಲೆಯಲ್ಲಿ ಇಟ್ಟಿದ್ದೆ. ಅದನ್ನು ಬಿಚ್ಚುತ್ತ, ಮಡಿಸುತ್ತ, ಸಂಜೆಯವರೆಗೂ ಇರುತ್ತಿದ್ದರು. ಯಾರಾದರೂ ಗಿರಾಕಿ ಕ್ಯಾಪ್ಟನ್ ಎಂದು ಕೂಗಿದರೆ ತಲೆ ಎತ್ತಿ ಮಂದವಾಗಿ ನಗುತ್ತಿದ್ದರು.

ಮರುವರ್ಷ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ಹೊದಿಕೆಯ ಅಂಚನ್ನು ಬೆರಳಲ್ಲಿ ನಿರಿಗೆ ಹಿಡಿಯುತ್ತ ಇದ್ದರು, ನರ್ಸ್ ಬಂದು ಬಿಡಿಸಿ ಹೋದರೆ ಮತ್ತೆ ಹಿಡಿಯುತ್ತಿದ್ದರು. ಕೊನೆಯ ಬೆಳಿಗ್ಗೆ ಆ ಬೆರಳುಗಳನ್ನು ಹಿಡಿದುಕೊಂಡಿದ್ದವರು ದೊಡ್ಡಮ್ಮ. ಹಿಡಿದುಕೊಂಡಿದ್ದು ಪ್ರೀತಿಗೋ, ಅವು ಮಡಿಸುವುದನ್ನು ನಿಲ್ಲಿಸಲೆಂದೋ, ನಾನು ಕೇಳಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಮನೆಯ ಮುಂದೆ ಜನ ಕುಳಿತಿದ್ದರು. ಸೈನ್ಯದ ಹಳೆಯ ಜೊತೆಗಾರರಿಬ್ಬರು, ಬೀದಿಯ ಅಂಗಡಿಯವರು, ಹಿಂದಿನ ರಾತ್ರಿ ಬಂದು ತಲುಪಿದ್ದ ನಮ್ಮಪ್ಪ. ಆಗ ಆಕಾಶದಲ್ಲಿ ಸದ್ದು ಕೇಳಿತು. ಮೇಷ್ಟ್ರು ಆ ಹಳೆಯ ವಿಮಾನವನ್ನು ತಂದಿದ್ದರು. ಮನೆಯ ಮೇಲೆ ಬಹಳ ಕೆಳಗೆ ಬಂದು, ರೆಕ್ಕೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿಸಿ ಹೋದರು. ಕುಳಿತವರೆಲ್ಲ ಎದ್ದು ನಿಂತರು. ದೊಡ್ಡಮ್ಮ ಎದ್ದು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡರು.

ಸದ್ದು ಗಣಿಯ ಕಡೆ ಕರಗಿದ ಮೇಲೆ ನಾನು ಒಳಗೆ ಹೋದೆ. ಅವರು ಮಂಚದ ಅಂಚಿನಲ್ಲಿ, ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದರು.

“ಇಳೀತಾ?” ಎಂದರು.

ಗೊತ್ತಿಲ್ಲ ಎಂದೆ. ಫೋನ್ ಮಾಡಿ ಕೇಳು ಎಂದರು. ಮೈದಾನದ ಶೆಡ್ಡಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಮಾಡಿದೆ. ಆಗಲೂ ಯಾರೂ ಎತ್ತಲಿಲ್ಲ. ಹೊರಗೆ ಜನ ಮತ್ತೆ ಕುಳಿತು ಮೆಲ್ಲನೆ ಮಾತಾಡುತ್ತಿದ್ದರು. ಮೂರನೆಯ ಸಲ ಮಾಡಿದಾಗ ಏದುಸಿರು ಬಿಡುತ್ತ ಮೇಷ್ಟ್ರು ಎತ್ತಿದರು.

“ಇಳೀತಂತೆ” ಎಂದೆ.

ದೊಡ್ಡಮ್ಮ ತಲೆಯಾಡಿಸಿ ಎದ್ದರು, ಹೊರಗೆ ಕುಳಿತವರಿಗೆ ನೀರು ಕೊಡಲು ಹೋದರು.